ಬಾಳಪ್ಪ ಕಾಕಾನ ತಂಬಿಗೆ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಅಟ್ಟದ ಸಾಮಾನು ಇಳಿಸುವ ಕಾರ್ಯಕ್ರಮ ನಡೆಯಿತು. ನನ್ನ ಗಂಡನಿಗೆ ಆರು ತಿಂಗಳಿಗೊಮ್ಮೆ ಇಂಥದೊಂದು ಹುಕಿ ಬರುತ್ತದೆ. ಬಂದಾಗ ತಡೆಯಲು ಹೋಗಬಾರದು, ಬದಿಗೆ ಸರಿದು ನಿಲ್ಲಬೇಕು. ಹಿಡಿ ಕಳಚಿದ ಕುಕ್ಕರು, ಮುರಿದ ಫ್ಯಾನಿನ ರೆಕ್ಕೆ, ನಮ್ಮ ಮದುವೆಯಲ್ಲಿ ಯಾರೋ ಕೊಟ್ಟ, ಅಂದಿನಿಂದಲೂ ಓಡದ ಗಡಿಯಾರ, ಎಲ್ಲವೂ ಅಂಗಳಕ್ಕೆ ಬಂದು ಕೂತವು. ಗುಜರಿಯವನು ಗೇಟಿನ ಹತ್ತಿರ ತಕ್ಕಡಿ ಹಿಡಿದು ನಿಂತಿದ್ದ. ಕೊನೆಗೆ ನನ್ನ ಮೇಜಿನ ಮೇಲೆ ಪೆನ್ನು ತುಂಬಿಕೊಂಡು ಕೂತಿದ್ದ ಹಿತ್ತಾಳೆ ತಂಬಿಗೆಗೂ ಇವರ ಕೈ ಬಿತ್ತು.

"ಇದರ ಹೊಟ್ಟಿ ನೋಡ, ಎಲ್ಲಾ ಕಡೆ ನೆಗ್ಗೈತಿ. ಇದನ್ನೂ ಮೋಡಕಾದಾಂವಗ ಕೊಟ್ಟಬಿಡೂಣು."

ನಾನು ಒಲೆಯ ಮೇಲಿನ ಒಗ್ಗರಣೆ ಬಿಟ್ಟು ಓಡಿ ಬಂದೆ.

"ರೀ, ಅದನ್ನ ಮುಟ್ಟಬ್ಯಾಡ್ರಿ! ಅದು ತಂಬಗಿ ಅಲ್ಲ, ಉಪಕರಣ!"

"ಪೆನ್ನ ಇಡೋ ಉಪಕರಣೇನು?" ಅಂದರು ಇವರು. ಗುಜರಿಯವನು ನಕ್ಕ. ಒಗ್ಗರಣೆ ಸೀದು ಹೋಯಿತು. ಆದರೂ ತಂಬಿಗೆ ಉಳಿಯಿತು ಎಂಬ ಸಮಾಧಾನದಲ್ಲಿ ನಾನು ಅದನ್ನು ಸೆರಗಿನಿಂದ ಒರೆಸಿ ಮೊದಲಿನ ಜಾಗಕ್ಕೇ ಇಟ್ಟೆ.

ನನ್ನ ಉದ್ಯೋಗದ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ತಂಬಿಗೆಯ ಕಥೆ ನಿಮಗೆ ತಿಳಿಯುವುದಿಲ್ಲ. ರೈತರು ಬೆಳೆದದ್ದರ ಗುಣ ಹೆಚ್ಚಿಸುವುದು, ಕೆಡದಂತೆ ಇಡುವುದು, ಅದರಿಂದ ಇನ್ನೇನಾದರೂ ಮಾಡಲು ಬರುತ್ತದೆಯೇ ಎಂದು ನೋಡುವುದು, ಇಂಥ ಸಂಶೋಧನೆಯ ಒಂದು ಸಣ್ಣ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ನನ್ನ ಪಾಲಿಗೆ ಬಂದದ್ದು ಬೆಲ್ಲ. ಹುಕ್ಕೇರಿಯ ನಮ್ಮ ಅತ್ತೆಯವರು ಇದನ್ನು ಇನ್ನೂ ಚಿಕ್ಕದಾಗಿ ಹೇಳುತ್ತಾರೆ: "ನಮ್ಮ ಸೊಸಿ ಪಗಾರ ತಗೊಂಡ ಬೆಲ್ಲಾ ತಿಂತಾಳ." ಸುಳ್ಳೇನೂ ಅಲ್ಲ. ದಿನಕ್ಕೆ ಹತ್ತು ಮಾದರಿಯ ಬೆಲ್ಲ ನಾಲಿಗೆಗೆ ಹಚ್ಚಿಕೊಳ್ಳುವವಳು ಸಂಜೆ ಮನೆಯ ಚಹಾಕ್ಕೆ ಸಕ್ಕರೆಯೂ ಬೇಡ, ಬೆಲ್ಲವೂ ಬೇಡ ಎನ್ನುವಂತಾಗುತ್ತಾಳೆ.

ಆದರೆ ಬೆಲ್ಲ ನನಗೆ ಉದ್ಯೋಗಕ್ಕಿಂತ ಮೊದಲು ಗಂಟುಬಿದ್ದದ್ದು. ನನ್ನ ತವರು ಕಲ್ಲೋಳಿ. ಅಲ್ಲಿ ನಮ್ಮ ಬಾಳಪ್ಪ ಕಾಕಾ, ಅಂದರೆ ಅಪ್ಪನ ತಮ್ಮ, ಬೆಲ್ಲದ ಪಾಕ ನೋಡುವುದರಲ್ಲಿ ಸುತ್ತಲಿನ ಹತ್ತು ಊರಿಗೆ ಹೆಸರಾದವನು. ಗಾಣ ಯಾರದೇ ಇರಲಿ, ಕಬ್ಬು ಯಾರದೇ ಇರಲಿ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯತೊಡಗಿತೆಂದರೆ ಕಾಕಾ ಬರಬೇಕು. ಒಂದು ಚಣ ಮೊದಲೇ ಇಳಿಸಿದರೆ ಬೆಲ್ಲ ಗಟ್ಟಿಯಾಗದೆ ಜೊಲ್ಲು ಸುರಿಸುತ್ತದೆ. ಒಂದು ಚಣ ತಡವಾದರೆ ಸೀದು ಕರ್ರಗಾಗಿ ಕಹಿಯಾಗುತ್ತದೆ. ಆ ನಡುವಿನ ಚಣ ಯಾವುದೆಂದು ಹೇಳುವವನೇ ಪಾಕ ನೋಡುವವನು.

ಹೇಳುವ ರೀತಿಯೇ ಒಂದು ನಾಟಕ. ಕಾಕಾ ಉದ್ದನೆಯ ಹುಟ್ಟಿನಿಂದ ಒಂದಿಷ್ಟು ಪಾಕ ಎತ್ತಿ ತಣ್ಣೀರು ತುಂಬಿದ ತಂಬಿಗೆಗೆ ಬಿಡುತ್ತಿದ್ದ. ನೀರಲ್ಲೇ ಬೆರಳಾಡಿಸಿ ಅದನ್ನು ಗೋಲಿಯಂತೆ ಉಂಡೆ ಕಟ್ಟುತ್ತಿದ್ದ. ಆಮೇಲೆ ನೀರು ಚೆಲ್ಲಿ, ಆ ಉಂಡೆಯನ್ನು ತಂಬಿಗೆಯ ಹೊಟ್ಟೆಗೆ ರಪ್ಪನೆ ಬಡಿದು, ತಲೆ ವಾಲಿಸಿ, ಕಣ್ಣು ಮುಚ್ಚಿ ಆಲಿಸುತ್ತಿದ್ದ. "ತಪ್" ಎಂದರೆ ಇನ್ನೂ ಬಂದಿಲ್ಲ. "ಟಣ್" ಎಂದರೆ ಬಂತು. "ಇಳಸ್ರಿ!" ಎಂದು ಕೂಗಿದ ಕೂಡಲೇ ನಾಲ್ಕು ಜನ ಗಂಡಸರು ಕೊಪ್ಪರಿಗೆಗೆ ಕೈ ಹಾಕುತ್ತಿದ್ದರು.

ನಾವು ಮಕ್ಕಳು ಆ ಟಣ್‌ಗಾಗಿಯೇ ಕಾಯುತ್ತಿದ್ದೆವು. ಕೊಪ್ಪರಿಗೆ ಬಗ್ಗಿಸಿದ ಮೇಲೆ ತಳದಲ್ಲಿ ಅಂಟಿದ ಬಿಸಿ ಬೆಲ್ಲವನ್ನು ಕಬ್ಬಿನ ಸಿಪ್ಪೆಯಿಂದ ಕೆರೆದು ತಿನ್ನುವ ಹಕ್ಕು ನಮ್ಮದು. ಆರಲಿ ಎಂದು ಕಾಯುವಷ್ಟು ಸಂಯಮ ನನಗೆ ಹುಟ್ಟಾ ಇಲ್ಲ. ಪ್ರತಿ ಸಲ ನಾಲಿಗೆ ಸುಟ್ಟುಕೊಳ್ಳುತ್ತಿದ್ದೆ. ರವದಿಯ, ಅಂದರೆ ಒಣಗಿದ ಕಬ್ಬಿನ ಗರಿಯ, ಗುಡ್ಡೆಯ ಮೇಲೆ ಕೂತು ನಾಲಿಗೆ ಹೊರಗೆ ಚಾಚಿ ಗಾಳಿ ಹಾಕಿಕೊಳ್ಳುತ್ತಿದ್ದರೆ ಕಾಕಾ ನಗುತ್ತಿದ್ದ: "ಸಾವಕಾಶ ತಂಗಿ, ಬೆಲ್ಲಾ ಎಲ್ಲಿಗೂ ಓಡಿ ಹೋಗಂಗಿಲ್ಲ." ಮುಂದೆ ನಾನು ಓದಿ, ಬೆಲ್ಲಕ್ಕೇ ಬಂದು ನಿಂತಾಗ, ಅವನು ಊರ ತುಂಬ ಹೇಳಿದ್ದು ಒಂದೇ: "ನೋಡ್ರಿ, ಸುಟ್ಟ ನಾಲಿಗಿ ಮರಿಯಂಗಿಲ್ಲ."

ಒಂದು ಕಾಲದಲ್ಲಿ ಮಂದಿಗೆ ಬೆಲ್ಲ ಎಂದರೆ ಬಂಗಾರದ ಬಣ್ಣದ್ದೇ ಆಗಬೇಕಿತ್ತು. ಗಾಣದವರು ಬಿಳಿ ಪೌಡರು ಸುರಿದು ಬಣ್ಣ ಬರಿಸುತ್ತಿದ್ದರು. ನಮ್ಮ ವಿಭಾಗದ ಕೆಲಸ ಆ ಪೌಡರನ್ನು ಬಿಡಿಸುವುದು. ಬೆಂಡೆ ಗಿಡದ ಕಾಂಡ ಜಜ್ಜಿ ನೆನೆಸಿದರೆ ಲೋಳೆ ಬರುತ್ತದೆ. ಅದನ್ನು ಕುದಿಯುವ ಕಬ್ಬಿನ ಹಾಲಿಗೆ ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ತೆಗೆದು ಚೆಲ್ಲಿದರಾಯಿತು. ಹಳಬರಿಗೆ ಗೊತ್ತಿದ್ದದ್ದೇ. ನಾವು ಅದನ್ನು ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂದು ಅಳೆದು ಬರೆದಿಟ್ಟೆವು. ಬೆಲ್ಲ ಸ್ವಚ್ಛವಾಗಿಯೇ ಬಂತು, ಬಣ್ಣ ಮಾತ್ರ ಕಂದು. ಮೊದಲ ಪೆಂಟೆಯನ್ನು ಹೆಮ್ಮೆಯಿಂದ ಅತ್ತೆಯವರಿಗೆ ಒಯ್ದುಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನ ಬೆಲ್ಲಾನೋ ಶೆಗಣಿ ಕುಳ್ಳೋ?" ಎಂದರು. ಈಗ ಅದೇ ಅತ್ತೆ ಬೇರೆ ಬೆಲ್ಲ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಆ ಕಥೆ ಬೇರೆ ಇರಲಿ.

ನಮ್ಮ ವಿಭಾಗದ ಮುಖ್ಯಸ್ಥರು ಮೈಸೂರು ಕಡೆಯವರು. ಒಳ್ಳೆಯವರು, ಆದರೆ ಯಾವುದನ್ನೂ ಅಳೆಯದೆ ನಂಬುವವರಲ್ಲ. ಒಂದು ದಿನ ಕರೆದು ಕೇಳಿದರು: "ಈ ಪಾಕ ನೋಡುವವರು ಎಲ್ಲ ವಯಸ್ಸಾದವರೇ ಅಲ್ವೇನಮ್ಮ? ಅವರ ನಂತರ ಯಾರು? ಹೊಸಬರು ಕಲಿಯೋಕೆ ಒಂದು ದಾರಿ ಬೇಕಲ್ಲ."

ನನಗೆ ಮಿಂಚು ಹೊಡೆದಂತಾಯಿತು. ಟಣ್! ಕಾಕಾನ ಆ ಟಣ್ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದಿಟ್ಟು, ಅದರ ಲೆಕ್ಕ ತೆಗೆದು, ಒಂದು ಆ್ಯಪ್ ಮಾಡಿದರೆ? ರೈತ ತಂಬಿಗೆಗೆ ಉಂಡೆ ಬಡಿದರೆ ಸಾಕು, ಫೋನೇ "ಇಳಿಸಿರಿ" ಎಂದು ಹೇಳಬೇಕು. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಅದ್ಭುತ ಕಣಮ್ಮ!" ಎಂದರು. ನಾನು ಅಂದು ನೆಲದ ಮೇಲೆ ನಡೆಯಲಿಲ್ಲ.

ಆ ವರ್ಷದ ಸುಗ್ಗಿಯುದ್ದಕ್ಕೂ ನಾನು ಮೂಡಲಗಿ ಸುತ್ತಲಿನ ಗಾಣಗಳಲ್ಲಿ ಕಾಕಾನ ಬೆನ್ನು ಹತ್ತಿ ತಿರುಗಿದೆ. ಗಾಣದ ಡೀಸೆಲ್ ಎಂಜಿನ್ ಸದ್ದಿನಲ್ಲಿ ಏನೂ ಕೇಳುವಂತಿರಲಿಲ್ಲ. ಅದಕ್ಕೆ ಪಾಕ ಬರುವ ಹೊತ್ತಿಗೆ ಎಂಜಿನ್ ನಿಲ್ಲಿಸಲು ಹೇಳುತ್ತಿದ್ದೆ. ಗಾಣದವರಿಗೆ ತಲೆಬಿಸಿ. "ಬಂದ್ ಮಾಡ್ರೋ, ಬಾಳಪ್ಪನ ಅಣ್ಣನ ಮಗಳ ಸೈನ್ಸ್ ನಡದೈತಿ!" ಎಂದು ಕೂಗಿ, ಬೀಡಿ ಹಚ್ಚಿಕೊಂಡು ಕೂರುತ್ತಿದ್ದರು. ಎಲ್ಲರೂ ಉಸಿರು ಬಿಗಿಹಿಡಿದಾಗ ಕಾಕಾ ತಂಬಿಗೆಗೆ ಬಡಿಯುತ್ತಿದ್ದ. ಟಣ್! ನಾನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ವರದಿ ಬರೆದೆ, ಗೆರೆಗಳ ನಕ್ಷೆ ಬಿಡಿಸಿದೆ. "ಅನುಭವಿ ಕಿವಿಯೇ ಅತ್ಯಂತ ಸೂಕ್ಷ್ಮವಾದ ಉಪಕರಣ" ಎಂಬ ವಾಕ್ಯ ನನಗೆ ಎಷ್ಟು ಹಿಡಿಸಿತೆಂದರೆ ಅದನ್ನು ಮೂರು ಕಡೆ ಬರೆದೆ.

ಸುಗ್ಗಿ ಮುಗಿಯುವ ಮೊದಲು ತಂಬಿಗೆಯ ತೂಕ, ದಪ್ಪ ಎಲ್ಲ ಅಳೆಯೋಣವೆಂದು ಅದನ್ನು ಪ್ರಯೋಗಾಲಯಕ್ಕೆ ಒಯ್ದೆ. ಮರುದಿನ ಅದನ್ನು ಅಲ್ಲಿಯೇ ಮರೆತು ಗಾಣಕ್ಕೆ ಹೋದೆ. ಕಾಕಾ ಬೈಯಲಿಲ್ಲ. "ಇರಲಿ ಬಿಡ" ಎಂದು, ನೀರಿನ ಡ್ರಮ್ಮಿನ ಮೇಲಿದ್ದ ನೀಲಿ ಪ್ಲಾಸ್ಟಿಕ್ ಮಗ್ಗು ಎತ್ತಿಕೊಂಡ.

ಅಂದು ರೆಕಾರ್ಡು ಇಲ್ಲದ್ದರಿಂದ ಎಂಜಿನ್ ನಿಲ್ಲಿಸಿರಲಿಲ್ಲ. ಕಾಕಾ ಪಾಕ ಎತ್ತಿದ, ಉಂಡೆ ಕಟ್ಟಿದ, ಮಗ್ಗಿಗೆ ರಪ್ಪನೆ ಬಡಿದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಪ್ಲಾಸ್ಟಿಕ್ ಎಲ್ಲಾದರೂ ಟಣ್ ಎನ್ನುತ್ತದೆಯೇ? ಎಮ್ಮೆಯ ಬೆನ್ನಿಗೆ ಬಡಿದಂತೆ ಒಂದು ಮೊದ್ದು ಸದ್ದು ಬಂತು, ಅಷ್ಟೇ. ಕಾಕಾ ಮಾತ್ರ ಎಂದಿನಂತೆ ತಲೆ ವಾಲಿಸಿದ, ಕಣ್ಣು ಮುಚ್ಚಿದ, ಮುಖ ಅರಳಿತು.

"ಹಾಂ! ಬಂತ ನೋಡ, ಟಣ್! ಇಳಸ್ರಿ!"

ನಾಲ್ಕು ಜನ ಇಳಿಸಿದರು. ಬೆಲ್ಲ ಹೇಗೆ ಬಂತೆನ್ನುತ್ತೀರಿ! ಆ ಸುಗ್ಗಿಯಲ್ಲಿ ಅಂಥ ಬೆಲ್ಲ ಬಂದಿರಲಿಲ್ಲ. ನಾನು ಬಾಯಿ ತೆರೆದುಕೊಂಡು ನಿಂತೆ. ಆಮೇಲೆ ಎಂಜಿನ್ ನಿಂತಾಗ, ಕಾಕಾನ ಬೆನ್ನ ಹಿಂದೆ ಹೋಗಿ ಮೆಲ್ಲಗೆ ಕರೆದೆ. ತಿರುಗಲಿಲ್ಲ. ಜೋರಾಗಿ ಕರೆದೆ. ತಿರುಗಲಿಲ್ಲ. "ಕಾಕಾ, ಹಾವು!" ಎಂದೆ. ಬೀಡಿ ಹಚ್ಚುತ್ತಿದ್ದ ನಾಲ್ವರೂ ನೆಗೆದೆದ್ದರು. ಕಾಕಾ ನಿಶ್ಚಿಂತೆಯಿಂದ ಕೈಗಂಟಿದ ಬೆಲ್ಲ ತೊಳೆದುಕೊಳ್ಳುತ್ತಿದ್ದ.

ಸಂಜೆ ಮನೆಯಲ್ಲಿ ಕಾಕುವನ್ನು, ಅಂದರೆ ಕಾಕಾನ ಹೆಂಡತಿಯನ್ನು, ಕೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು: "ಏಳ ವರ್ಷ ಆತವಾ. ಆ ಎಂಜಿನ್ ತಿಂದ ಹಾಕೇತಿ ಅವರ ಕಿವೀನ. ತುಟಿ ನೋಡಿ ತಿಳಕೋತಾರ. ತಿಳೀದಿದ್ರ 'ಆತಳವಾ' ಅಂತಾರ. ಗಾಣದಾಗ ಎಲ್ಲಾರೂ ಕೈ ಸನ್ನಿ ಮಾಡೂದ, ಯಾರಿಗೂ ಗೊತ್ತಾಗಿಲ್ಲ."

ನನಗೆ ಒಮ್ಮೆಗೇ ನೆನಪಾಯಿತು. ನನ್ನ ಎಲ್ಲ ಪ್ರಶ್ನೆಗಳಿಗೂ ಕಾಕಾ ಆ ಸುಗ್ಗಿಯಲ್ಲಿ ಕೊಟ್ಟ ಉತ್ತರ ಹೆಚ್ಚು ಕಡಿಮೆ "ಆತಳವಾ" ಎಂಬುದೇ ಆಗಿತ್ತು. ನಾನು ಅದನ್ನು ಸಹಕಾರ ಎಂದು ವರದಿಯಲ್ಲಿ ಬರೆದಿದ್ದೆ. ನಗು ಬಂತು, ನಾಚಿಕೆಯಾಯಿತು, ಅಳುವೂ ಬಂತು. ಏಳು ವರ್ಷ ನನ್ನ ಕಾಕಾ ಕಿವುಡನಾಗಿದ್ದರೂ ನನಗೆ ತಿಳಿದಿರಲಿಲ್ಲ.

ಕಾಕಾನ ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದೆ: "ಕಾಕಾ, ಮತ್ತ ಪಾಕಾ ಹೆಂಗ ನೋಡ್ತಿ?"

ಕಾಕಾ ಕಾಕುವಿನ ಕಡೆ ಒಮ್ಮೆ ನೋಡಿದ. ಗುಟ್ಟು ಒಡೆದದ್ದು ಅವನಿಗೆ ತಿಳಿಯಿತು.

"ಗುಳ್ಳಿ ನೋಡ್ತೇನಿ. ಮೊದಲ ದೊಡ್ಡದೊಡ್ಡವು ಏಳತಾವು, ಆಮ್ಯಾಲೆ ಸಣ್ಣಸಣ್ಣ ತೂತ ಬೀಳತಾವು. ಹುಟ್ಟು ಕೈಯಾಗ ಭಾರ ಆಗತೈತಿ. ಕಡೀಕ ಒಂದ ವಾಸನಿ ಬರತೈತಿ, ಪುಟಾಣಿ ಕಡ್ಲಿ ಹುರದಂಗ. ಅದು ಬಂದ್ರ ಮುಗೀತು."

"ಹಂಗಾದ್ರ ತಂಬಗಿ ಯಾಕ ಬಡೀತಿ?"

"ಅದು ಮಂದಿಗೆ, ತಂಗಿ. ಟಣ್ ಅಂದ್ರ ನಂಬತಾರ. ವಾಸನಿ ಬಂತು ಅಂದ್ರ ಯಾರ ನಂಬತಾರ?" ಎಂದು ನಕ್ಕ. ಆಮೇಲೆ ನಗು ನಿಂತಿತು. "ಯಾರ ಮುಂದೂ ಹೇಳಬ್ಯಾಡ. ಪಾಕಾ ನೋಡಾಂವ ಕಿವುಡ ಅದಾನು ಅಂತ ಗೊತ್ತಾದ್ರ ನಾಳಿಂದ ಒಬ್ಬಾಂವನೂ ಕರಿಯಂಗಿಲ್ಲ. ಮನ್ಯಾಗ ಕುಂತಗೊಂಡ ನಾ ಏನ ಮಾಡ್ಲಿ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನನ್ನ ವರದಿ ಕಣ್ಣ ಮುಂದೆ ಬಂತು. ಅನುಭವಿ ಕಿವಿ, ಮೂರು ಕಡೆ! ಅದನ್ನು ತಿದ್ದಿದರೆ ಕಾಕಾನ ಗುಟ್ಟು ಬಯಲು. ತಿದ್ದದಿದ್ದರೆ ನಾನು ಸುಳ್ಳಿ. ಅಷ್ಟರಲ್ಲಿ ಸಾಹೇಬರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಗೋಕಾಕದಲ್ಲಿ ಗಾಣದ ಮಾಲೀಕರನ್ನೂ ರೈತರನ್ನೂ ಕರೆದು ಒಂದು ಸಭೆ, ಅದರಲ್ಲಿ ವೇದಿಕೆಯ ಮೇಲೆ ಒಲೆ, ಒಲೆಯ ಮೇಲೆ ಸಣ್ಣ ಕೊಪ್ಪರಿಗೆ, ಒಂದು ಬದಿ ನಮ್ಮ ಆ್ಯಪ್, ಇನ್ನೊಂದು ಬದಿ ಬಾಳಪ್ಪ ಕಾಕಾ. "ಎರಡೂ ಒಂದೇ ಕ್ಷಣದಲ್ಲಿ ಹೇಳಬೇಕು ನೋಡಮ್ಮ, ಜನ ದಂಗಾಗಬೇಕು," ಎಂದರು. ನಾನು ಆಗಲೇ ದಂಗಾಗಿದ್ದೆ.

ಸಭೆಯ ಹಿಂದಿನ ದಿನ ಕಲ್ಲೋಳಿಗೆ ಹೋಗಿ, ಬರಬೇಡ, ನಿನಗೆ ಜ್ವರ ಎಂದು ಸಾಹೇಬರಿಗೆ ಹೇಳುತ್ತೇನೆ ಎಂದೆ. ಕಾಕಾ ನನ್ನ ತುಟಿಯನ್ನೇ ನೋಡುತ್ತ ಕೇಳಿದ: "ನಿನ್ನ ರಿಪೋರ್ಟಿನ್ಯಾಗ ಏನ ಬರದಿ?"

"ನೀ ಕಿವೀಲೆ ಪಾಕಾ ಗುರುತ ಹಿಡೀತಿ ಅಂತ."

"ಅದು ಸುಳ್ಳ ಆತಲ್ಲ."

"ಹೂಂ."

"ಸಾಲಿ ಕಲತಾಕಿ ಸುಳ್ಳ ಬರೀಬಾರದು," ಎಂದ. ಬಿಳಿ ಅಂಗಿ ಇಸ್ತ್ರಿ ಮಾಡಿಸಲು ಎದ್ದು ಹೋದ.

ಮರುದಿನ ಸಭಾಭವನ ಕಿಕ್ಕಿರಿದಿತ್ತು. ಹಾಲು ಕುದಿಯಿತು, ಬೆಂಡೆ ಲೋಳೆ ಬಿತ್ತು, ನೊರೆ ಹೋಯಿತು. ಕಾಕಾ ಹುಟ್ಟು ಆಡಿಸುತ್ತ ನಿಂತ. ನಾನು ಫೋನು ಹಿಡಿದು ನಿಂತೆ. ತಲೆಯ ಮೇಲೆ ಹನ್ನೆರಡು ಫ್ಯಾನು, ಮುಂದೆ ಕೆಮ್ಮುವವರು, ಹಿಂದೆ "ಕಾಣಸವಲ್ದು, ಕುಂದರ್ರೋ" ಎನ್ನುವವರು. ಮೊದಲ ಸಲ ಬಡಿದಾಗ ಫೋನು "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ" ಎಂದಿತು. ಎರಡನೆಯ ಸಲವೂ ಅದನ್ನೇ ಎಂದಿತು. ಮೂರನೆಯ ಸಲಕ್ಕೆ ಕಾಕಾ ಫೋನಿನ ಕಡೆ ನೋಡಲೇ ಇಲ್ಲ. ಟಣ್ ಎನ್ನಿಸಿ, "ಇಳಸ್ರಿ!" ಎಂದ. ಇಳಿಸಿ, ಅಗಲವಾದ ತಟ್ಟೆಗೆ ಸುರಿದು ಆರಿಸಿದರು. ಮುಂದಿನ ಸಾಲಿನಲ್ಲಿದ್ದ ಗಾಣದವರು ಮುರಿದು ನೋಡಿ, ತಿಂದು ನೋಡಿ, ತಲೆ ಆಡಿಸಿದರು. ಚಪ್ಪಾಳೆಯೋ ಚಪ್ಪಾಳೆ. ಫೋನು ಆ ಚಪ್ಪಾಳೆ ಕೇಳಿ, "ಪಾಕ ಸಿದ್ಧವಾಗಿದೆ" ಎಂದಿತು.

ಆಗ ಹುಕ್ಕೇರಿ ಕಡೆಯ ಒಬ್ಬ ಗಾಣದ ಮಾಲೀಕರು ಎದ್ದು ನಿಂತು ಕೇಳಿದರು: "ಕಾಕಾರ, ಇಷ್ಟ ಗದ್ದಲದಾಗ ನಿಮಗ ಆ ಸಪ್ಪಳ ಹೆಂಗ ಕೇಳಿಸ್ತ್ರಿ?"

ಕಾಕಾ ಸುಮ್ಮನೆ ಮುಂದೆ ನೋಡುತ್ತಿದ್ದ. ಅಷ್ಟು ದೂರದ ತುಟಿ ಅವನಿಗೆ ಕಾಣುವಂತಿರಲಿಲ್ಲ. ಸಭೆ ಕಾಯುತ್ತಿತ್ತು. ಅವನ ಎದುರಿಗೆ ಹೋಗಿ ನಿಂತು ಪ್ರಶ್ನೆಯನ್ನು ತುಟಿಯಲ್ಲೇ ಹೇಳಿದೆ. ಕಾಕಾ ನನ್ನ ಭುಜದ ಮೇಲೆ ಕೈ ಇಟ್ಟು, ಮೈಕಿನ ಹತ್ತಿರ ಬಾಗಿದ.

"ಕೇಳಸಿಲ್ಲರಿ. ಏಳ ವರ್ಷದಿಂದ ನನಗ ಏನೂ ಕೇಳಸಂಗಿಲ್ಲ. ನಾ ಕಿವುಡ ಅದೇನಿ."

ಇಡೀ ಭವನ ನಕ್ಕಿತು! ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಾರಿ ಚಾಷ್ಟಿ ಮಾಡ್ತಾನ ನಮ್ಮ ಕಾಕಾ!" ಎಂದು ಯಾರೋ ಸೀಟಿ ಹೊಡೆದರು. ಸಾಹೇಬರೂ ಕಣ್ಣೊರೆಸಿಕೊಂಡು ನಕ್ಕರು. ನಗದವರು ನಾವು ಇಬ್ಬರೇ, ನಾನು ಮತ್ತು ಮೊದಲ ಸಾಲಿನಲ್ಲಿ ಕೂತ ಕಾಕು. ನನ್ನ ವರದಿಯಲ್ಲಿ ಒಂದು ಸುಳ್ಳು ಉಳಿಯಬಾರದೆಂದು ತನ್ನ ಬದುಕನ್ನೇ ಮೈಕಿನ ಮುಂದೆ ಇಟ್ಟವನನ್ನು ಈ ಮಂದಿ ನಂಬಲೂ ಇಲ್ಲವಲ್ಲ ಎಂದು ನನಗೆ ಸಿಟ್ಟೇ ಬಂತು. ಕಾಕಾನಿಗೆ ನಗು ಕೇಳಿಸಲಿಲ್ಲ, ಕಾಣಿಸಿತು. ಅವನೂ ನಗತೊಡಗಿದ.

ಊಟದ ಹೊತ್ತಿಗೆ ಸಾಹೇಬರು ಬಂದರು. "ನಿಮ್ಮ ಚಿಕ್ಕಪ್ಪ ಒಳ್ಳೆ ತಮಾಷೆ ಮನುಷ್ಯ."

"ತಮಾಷೆ ಅಲ್ಲ ಸರ್, ನಿಜ," ಎಂದೆ. ಎಲ್ಲವನ್ನೂ ಹೇಳಿದೆ, ಪ್ಲಾಸ್ಟಿಕ್ ಮಗ್ಗನ್ನೂ ಬಿಡದೆ. ಸಾಹೇಬರ ಕೈಯಲ್ಲಿದ್ದ ಜಿಲೇಬಿ ಅಲ್ಲಿಯೇ ನಿಂತಿತು.

"ಹಾಗಾದರೆ ನಾವು ಇಡೀ ಸೀಸನ್ ಅಳೆದದ್ದು ಏನನ್ನಮ್ಮ?"

ಅವರೇ ಜಿಲೇಬಿ ಮುಗಿಸಿ, ಕೈ ಒರೆಸಿಕೊಂಡು, "ಸರಿ, ಗುಳ್ಳೆಯಿಂದ ಶುರು ಮಾಡೋಣ. ಆಮೇಲೆ ಹುಟ್ಟಿನ ಭಾರ, ಆಮೇಲೆ ವಾಸನೆ," ಎಂದರು. ಇದೇ ಕಾರಣಕ್ಕೆ ಅವರು ಒಳ್ಳೆಯವರು ಎಂದು ಮೊದಲೇ ಹೇಳಿದೆ. ಗುಳ್ಳೆ, ಭಾರ ಎರಡೂ ಈಗ ಲೆಕ್ಕಕ್ಕೆ ಸಿಕ್ಕಿವೆ. ಪುಟಾಣಿ ಹುರಿದ ವಾಸನೆ ಇನ್ನೂ ಯಾವ ಮಶೀನಿಗೂ ಸಿಕ್ಕಿಲ್ಲ.

ಕಾಕಾ ಹೇಳಿದ್ದು ಖರೆ ಎಂದು ಮಂದಿಗೆ ನಿಧಾನವಾಗಿ ತಿಳಿಯಿತು. ಕರೆಯುವುದು ನಿಲ್ಲುತ್ತದೆಂದು ನಾವು ಹೆದರಿಕೊಂಡೇ ಮುಂದಿನ ಸುಗ್ಗಿಗೆ ಕಾದೆವು. ಆದದ್ದೇ ಬೇರೆ. ಕಣ್ಣ ಮುಂದೆ ಮಾಡಿದ ಬೆಲ್ಲವನ್ನು ಅವರು ತಿಂದಾಗಿತ್ತಲ್ಲ. ಅಂದು ಪ್ರಶ್ನೆ ಕೇಳಿದ ಹುಕ್ಕೇರಿಯ ಮಾಲೀಕರೇ ಮೊದಲು ಗಾಡಿ ಕಳಿಸಿದರು, ಜತೆಗೆ ತಮ್ಮ ಗಾಣದ ಮೂವರನ್ನು ಕಲಿಯಲು ಹಚ್ಚಿದರು. ನಾನು ನೋಡಲು ಹೋದಾಗ ಮೂವರು ಮೀಸೆಯ ಗಂಡಸರು ಕೊಪ್ಪರಿಗೆಯ ಸುತ್ತ ಗಂಭೀರವಾಗಿ ನಿಂತಿದ್ದರು. ಮೂವರ ಕಿವಿಯಲ್ಲೂ ಹತ್ತಿ! ಏನ್ರಿ ಇದು ಎಂದು ಸನ್ನೆ ಮಾಡಿದೆ. ಒಬ್ಬ ಹತ್ತಿ ತೆಗೆದು ಹೇಳಿದ: "ಕಿವಿ ಬಂದ್ ಆದ್ರ ಮೂಗ ಚಾಲೂ ಆಗತೈತ್ರಿ ಅಕ್ಕಾರ. ಕಾಕಾ ಹೇಳಿಲ್ಲ, ನಾವ ಶೋಧ ಮಾಡೇವಿ." ಮತ್ತೆ ಹತ್ತಿ ತುರುಕಿಕೊಂಡ. ಸಂಶೋಧನೆ ನನ್ನೊಬ್ಬಳ ಸ್ವತ್ತಲ್ಲ ಎಂದು ಅಂದು ಅರಿವಾಯಿತು.

ಆ ದಿನವೇ ಕಾಕಾ ತಂಬಿಗೆಯನ್ನು ನನ್ನ ಕೈಗೆ ಕೊಟ್ಟ. "ತಗೋ. ಇನ್ನ ಇದರ ಕೆಲಸ ಇಲ್ಲ. ಈಗ ವಾಸನಿ ಬಂತು ಅಂದ್ರೂ ನಂಬತಾರ," ಎಂದ.

ಇದನ್ನೆಲ್ಲ ನಾನು ಕಳೆದ ಭಾನುವಾರ ಗುಜರಿಯವನು ಹೋದ ಮೇಲೆ ನನ್ನ ಗಂಡನಿಗೆ ಮೊದಲಿನಿಂದ ಹೇಳಿದೆ. ಹತ್ತನೆಯ ಸಲವಿರಬೇಕು. ಅಂದು ಕಾಕಾನೂ ಊಟಕ್ಕೆ ಬಂದಿದ್ದ. ಅವನು ನಡುಮನೆಯಲ್ಲಿ, ಅಡುಗೆಮನೆಗೆ ಬೆನ್ನು ಮಾಡಿ, ಪೇಪರು ಹಿಡಿದು ಕೂತಿದ್ದ. ನಾನು ವಿಭಾಗದ ಹೊಸ ಪ್ರಯೋಗವನ್ನು ಮನೆಯಲ್ಲೇ ಮಾಡುತ್ತಿದ್ದೆ: ಶೇಂಗಾ, ಅಗಸಿ, ಎಳ್ಳು ಕೂಡಿಸಿದ ಚಿಕ್ಕಿ, ಮಳೆಗಾಲದಲ್ಲೂ ಅಂಟಬಾರದು. ಅದಕ್ಕೆ ಪಾಕ ಬರೋಬ್ಬರಿ ಬರಬೇಕು. ಬೆಲ್ಲ ಒಲೆಯ ಮೇಲಿತ್ತು. ತಂಬಿಗೆಯೊಳಗಿನ ಪೆನ್ನು ತೆಗೆದು, ನೀರು ತುಂಬಿ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದೆ. ಬಾಗಿಲಲ್ಲಿ ನಿಂತ ಗಂಡನಿಗೆ ಆ ಹತ್ತಿಯ ಕಥೆ ಹೇಳುತ್ತ ಹೇಳುತ್ತ, ಎಂದಿನಂತೆ, ಒಲೆಯನ್ನೇ ಮರೆತೆ.

"ಏ ತಂಗಿ!" ನಡುಮನೆಯಿಂದ ಕಾಕಾ ಕೂಗಿದ. ಪೇಪರು ಕೆಳಗಿಟ್ಟಿರಲಿಲ್ಲ, ಇತ್ತ ತಿರುಗಿಯೂ ಇರಲಿಲ್ಲ. "ಇಳಸ, ಇಳಸ! ಟಣ್ ಅಂತು!"

ಇಳಿಸಿದೆ. ತಂಬಿಗೆಗೆ ನಾನಿನ್ನೂ ಉಂಡೆ ಬಡಿದೇ ಇರಲಿಲ್ಲ.